ದೊಡ್ಡ ಕಣ್ಣಿನ ಹಿಂದಿನ ಕತ್ತಲೆ

ಕೂಸಿನ ಕಣ್ಣು ದೊಡ್ಡದಾಗಿದ್ದರೆ ನೋಡಿದವರೆಲ್ಲ ಮೆಚ್ಚುತ್ತಾರೆ. ವಿಶಾಲಾಕ್ಷಿ, ಕಮಲಾಕ್ಷಿ ಎಂಬ ಹೆಸರುಗಳು ಕನ್ನಡನಾಡಿನ ಮನೆಮನೆಗಳಲ್ಲಿವೆ. ಪ್ರಾಚೀನ ಗ್ರೀಕರಿಗೂ ಇದೇ ಮೋಹವಿತ್ತು. ಕವಿ ಹೋಮರ್ ದೇವರಾಣಿ ಹೇರಾಳನ್ನು 'ಹಸುಗಣ್ಣಿನವಳು' ಎಂದು ಕರೆದದ್ದು ಹೊಗಳಿಕೆಗಾಗಿಯೇ. ಆದರೆ ಹಸು, ಎತ್ತುಗಳನ್ನು ಸೂಚಿಸುವ ಅದೇ ಗ್ರೀಕ್ ಪದದಿಂದ ಯುರೋಪಿನ ವೈದ್ಯರು ಒಂದು ರೋಗಕ್ಕೂ ಹೆಸರು ಕಟ್ಟಿದರು. ಅದು 'ಬಫ್ತಾಲ್ಮಸ್', ಎಂದರೆ ಎತ್ತುಗಣ್ಣು. ಹುಟ್ಟಿನಿಂದಲೋ ಹುಟ್ಟಿದ ಕೆಲವು ತಿಂಗಳಲ್ಲೋ ಕೂಸಿನ ಕಣ್ಣು ಹಿಗ್ಗುತ್ತಾ ಹೋಗಿ ಕೊನೆಗೆ ಕುರುಡಾಗುವ ಈ ಕಾಯಿಲೆ ಇಂದು ಮಕ್ಕಳ ಗ್ಲಾಕೋಮಾ ಎಂದು ಪರಿಚಿತ. ಇದಕ್ಕೆ ನಂಬಬಹುದಾದ ಚಿಕಿತ್ಸೆ ದೊರೆತು ಇನ್ನೂ ನೂರು ವರ್ಷಗಳೂ ಆಗಿಲ್ಲ.

ಕಣ್ಣಿನೊಳಗೆ ಸದಾ ಒಂದು ತಿಳಿನೀರು ಉತ್ಪತ್ತಿಯಾಗುತ್ತಿರುತ್ತದೆ. ಅದು ಪಾಪೆಯ ಮೂಲಕ ಮುಂದಕ್ಕೆ ಹರಿದು, ಕಪ್ಪುಗುಡ್ಡೆಯ ಅಂಚಿನ ಒಳಮೂಲೆಯಲ್ಲಿರುವ ಜರಡಿಯಂಥ ರಚನೆಯಲ್ಲಿ ಸೋಸಿಕೊಂಡು ರಕ್ತವನ್ನು ಸೇರುತ್ತದೆ. ಈ ಜರಡಿ ಗರ್ಭದಲ್ಲಿ ಸರಿಯಾಗಿ ಬೆಳೆಯದಿದ್ದರೆ, ತೂಬು ಕಟ್ಟಿದ ತೊಟ್ಟಿಯಂತೆ ನೀರು ಒಳಗೇ ನಿಂತು ಒತ್ತಡ ಏರುತ್ತದೆ. ದೊಡ್ಡವರ ಕಣ್ಣಿನ ಗೋಡೆ ಗಟ್ಟಿ, ಅದು ಹಿಗ್ಗುವುದಿಲ್ಲ. ಎಳೆಯ ಕೂಸಿನ ಗೋಡೆ ಮೆದು, ಹಾಗಾಗಿ ಕಣ್ಣೇ ಊದಿಕೊಳ್ಳುತ್ತದೆ. ನವಜಾತ ಶಿಶುವಿನ ಕಾರ್ನಿಯಾ, ಎಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆ, ಸುಮಾರು 10 ಮಿಲಿಮೀಟರ್ ಅಗಲವಿರುತ್ತದೆ. ಮೊದಲ ವರ್ಷದಲ್ಲೇ ಅದು 12 ಮಿಲಿಮೀಟರ್ ದಾಟಿದರೆ ವೈದ್ಯರು ಅನುಮಾನಿಸುತ್ತಾರೆ. ಹಿಗ್ಗಿದ ಕಾರ್ನಿಯಾ ಮಬ್ಬಾಗುತ್ತದೆ. ಹಿಂದುಗಡೆ ದೃಷ್ಟಿನರ ಒತ್ತಡಕ್ಕೆ ಸಿಕ್ಕಿ ಸಾಯತೊಡಗುತ್ತದೆ. ಸತ್ತ ನರಕ್ಕೆ ಮತ್ತೆ ಜೀವ ಬರುವುದಿಲ್ಲ.

ಮಕ್ಕಳ ಊದಿದ ಕಣ್ಣನ್ನು ಪ್ರಾಚೀನ ವೈದ್ಯರೂ ಕಂಡಿದ್ದರು. ಆದರೆ ಅದಕ್ಕೂ ಗ್ಲಾಕೋಮಾಕ್ಕೂ ಇರುವ ನಂಟು ಸ್ಪಷ್ಟವಾಗಿದ್ದು 1869ರಲ್ಲಿ, ಫಾನ್ ಮುರಾಲ್ಟ್ ಎಂಬ ವೈದ್ಯನ ಬರಹದಿಂದ. ಅದಕ್ಕೂ ಮುಂಚೆ, 1857ರಲ್ಲಿ, ಬರ್ಲಿನ್ನಿನ ಆಲ್ಬ್ರೆಕ್ಟ್ ಫಾನ್ ಗ್ರೇಫ ದೊಡ್ಡವರ ಗ್ಲಾಕೋಮಾಕ್ಕೆ ಶಸ್ತ್ರಚಿಕಿತ್ಸೆಯೊಂದನ್ನು ಪ್ರಕಟಿಸಿ ಹೆಸರಾಗಿದ್ದ. ಪಾಪೆಯ ಸುತ್ತಲಿನ ಬಣ್ಣದ ಪೊರೆಯ ಒಂದು ತುಂಡನ್ನು ಕತ್ತರಿಸಿ ತೆಗೆಯುವ ಆ ವಿಧಾನ ಮಕ್ಕಳಲ್ಲಿ ಫಲಿಸಲಿಲ್ಲ. ಮದ್ರಾಸಿನ ಸರ್ಕಾರಿ ಕಣ್ಣಾಸ್ಪತ್ರೆಯಲ್ಲಿದ್ದ ರಾಬರ್ಟ್ ಹೆನ್ರಿ ಎಲಿಯಟ್ 1909ರಲ್ಲಿ ಕಣ್ಣಿನ ಗೋಡೆಗೆ ಸಣ್ಣ ರಂಧ್ರ ಕೊರೆದು ನೀರಿಗೆ ಹೊಸ ದಾರಿ ಮಾಡುವ ಕ್ರಮವನ್ನು ಪ್ರಚಾರಕ್ಕೆ ತಂದರು. ಜಗತ್ತೆಲ್ಲ ಅದನ್ನು ಅನುಸರಿಸಿತು. ಹಿಗ್ಗಿ ತೆಳುವಾದ ಮಕ್ಕಳ ಕಣ್ಣಿಗೆ ಅದೂ ನೆಚ್ಚಿಕೊಳ್ಳುವಂಥ ಪರಿಹಾರವಾಗಲಿಲ್ಲ. 1939ರಲ್ಲಿ ಆಸ್ಟ್ರೇಲಿಯಾದ ಜೆ. ರಿಂಗ್‌ಲೆಂಡ್ ಆಂಡರ್ಸನ್ ಈ ರೋಗವೊಂದರ ಮೇಲೆಯೇ ಗ್ರಂಥ ಬರೆದರು. ಈ ಮಕ್ಕಳ ಭವಿಷ್ಯದ ಬಗ್ಗೆ ಅದರಲ್ಲಿದ್ದದ್ದು ನಿರಾಶೆಯೇ.

ಕಟ್ಟಿಕೊಂಡ ಜರಡಿಯನ್ನೇ ಕೊಯ್ದು ಬಿಡಿಸಬಾರದೇಕೆ ಎಂದು ಯಾರೂ ಯೋಚಿಸಿರಲಿಲ್ಲವೆಂದಲ್ಲ. ಇಟಲಿಯ ಕಾರ್ಲೊ ದೆ ವಿಂಚೆಂಟಿಸ್ 1890ರ ದಶಕದಲ್ಲೇ ಹಾಗೆ ಮಾಡಿದ್ದ. ಆದರೆ ಆತ ಕೊಯ್ಯುವ ಜಾಗ ಆತನಿಗೇ ಕಾಣುತ್ತಿರಲಿಲ್ಲ. ನೇರವಾಗಿ ನೋಡಿದರೆ ಕಣ್ಣಿನ ಆ ಮೂಲೆ ಯಾರಿಗೂ ಕಾಣುವುದಿಲ್ಲ. ಅಲ್ಲಿಂದ ಹೊರಟ ಬೆಳಕು ಕಾರ್ನಿಯಾದ ಒಳಮೈಗೆ ಓರೆಯಾಗಿ ಬಡಿದು ಹೊರಬರದೆ ಹಿಂದಿರುಗುತ್ತದೆ. ಕುರುಡುಗೈಯಲ್ಲಿ ನಡೆಸುವ ಇಂಥ ಕೊಯ್ತ ಅಪಾಯಕರವೆಂದು ವೈದ್ಯರು ಅದನ್ನು ಕೈಬಿಟ್ಟರು. ಕಣ್ಣಿನ ಮೇಲೆ ವಿಶೇಷ ಮಸೂರವನ್ನಿಟ್ಟು ನಡುವೆ ದ್ರವ ತುಂಬಿದರೆ ಬೆಳಕು ಹೊರಬರುತ್ತದೆ, ಮೂಲೆ ಕಾಣುತ್ತದೆ. ಟ್ರಾಂಟಾಸ್, ಸಾಲ್ಜ್‌ಮನ್ ಮೊದಲಾದವರ ಪ್ರಯತ್ನದಿಂದ 20ನೆಯ ಶತಮಾನದ ಆರಂಭದಲ್ಲಿ ಈ ಪರೀಕ್ಷಾಕ್ರಮ ರೂಪುಗೊಂಡಿತು. ಆದರೂ ಅದು ಪರೀಕ್ಷೆಗಷ್ಟೇ ಮೀಸಲಾಗಿತ್ತು.

ನೋಟವನ್ನೂ ಚಾಕುವನ್ನೂ ಒಂದುಗೂಡಿಸಿದವರು ಸ್ಯಾನ್ ಫ್ರಾನ್ಸಿಸ್ಕೊದ ಆಟೊ ಬಾರ್ಕನ್. 1936ರಲ್ಲಿ ಅವರು ಮಸೂರದ ಮೂಲಕ ಮೂಲೆಯನ್ನು ಕಣ್ಣಾರೆ ನೋಡುತ್ತಲೇ ದೊಡ್ಡವರಲ್ಲಿ ಈ ಕೊಯ್ತವನ್ನು ಮತ್ತೆ ಆರಂಭಿಸಿದರು. ದೊಡ್ಡವರಲ್ಲಿ ಗುಣ ಹೆಚ್ಚು ಕಾಲ ಉಳಿಯಲಿಲ್ಲ. ಅದನ್ನೇ 1938ರಲ್ಲಿ ಮಕ್ಕಳ ಕಣ್ಣಿಗೆ ಪ್ರಯೋಗಿಸಿದಾಗ ಫಲ ಬೇರೆಯೇ ಆಯಿತು. ಕೂಸಿಗೆ ಅರಿವಳಿಕೆ ಕೊಟ್ಟು, ಕಣ್ಣಿನ ಒಂದು ಬದಿಯಿಂದ ಸೂಜಿಯಷ್ಟು ತೆಳುವಾದ ಚಾಕುವನ್ನು ಒಳತೂರಿಸಿ, ಎದುರು ಬದಿಯ ಮೂಲೆಯಲ್ಲಿ ಮೇಲುಮೇಲೆ ಸೀಳುವುದು ಈ ಕ್ರಮ. ಇದಕ್ಕೆ ಗೋನಿಯಾಟಮಿ ಎಂದು ಹೆಸರು. 1942ರಲ್ಲಿ ಬಾರ್ಕನ್ ತಮ್ಮ ಅನುಭವವನ್ನು ಪ್ರಕಟಿಸಿದರು. ಬಹುಪಾಲು ಕಣ್ಣುಗಳಲ್ಲಿ ಒತ್ತಡ ಇಳಿದಿತ್ತು. ಶತಮಾನಗಳ ಕಾಲ ವಾಸಿಯಾಗದ್ದೆಂದು ಬಿಟ್ಟಿದ್ದ ರೋಗಕ್ಕೆ ಮೊದಲ ಬಾರಿಗೆ ಮದ್ದು ಸಿಕ್ಕಿತ್ತು.

ಇದರಲ್ಲೊಂದು ವಿಚಿತ್ರವೂ ಇದೆ. ಜರಡಿಯ ಮೇಲೆ ತೆಳುವಾದ ಪೊರೆಯೊಂದು ಮುಚ್ಚಿಕೊಂಡಿದೆ, ತಾನು ಅದನ್ನು ಸೀಳುತ್ತಿದ್ದೇನೆ ಎಂದು ಬಾರ್ಕನ್ ನಂಬಿದ್ದರು. ಮುಂದೆ ಸೂಕ್ಷ್ಮದರ್ಶಕದಲ್ಲಿ ಎಷ್ಟು ಹುಡುಕಿದರೂ ಅಂಥ ಪೊರೆ ಸಿಗಲಿಲ್ಲ. ಜರಡಿಯೇ ಒತ್ತೊತ್ತಾಗಿ, ಬಲಿಯದೆ ಉಳಿದಿರುತ್ತದೆಂದು ತಿಳಿದುಬಂತು. ಕಾರಣ ತಪ್ಪಾದರೂ ಕೈ ಸರಿಯಾದ ಜಾಗಕ್ಕೇ ಹೋಗಿತ್ತು.

ಗೋನಿಯಾಟಮಿಗೆ ಒಂದು ಮಿತಿಯಿತ್ತು. ಕಾರ್ನಿಯಾ ತಿಳಿಯಾಗಿದ್ದರೆ ಮಾತ್ರ ಮೂಲೆ ಕಾಣುತ್ತದೆ. 1960ರಲ್ಲಿ ಲಂಡನ್ನಿನ ರೆಡ್ಮಂಡ್ ಸ್ಮಿತ್ ಮತ್ತು ಅಮೆರಿಕದ ಹರ್ಮನ್ ಬುರಿಯನ್ ಬೇರೆ ಬೇರೆಯಾಗಿ ಇನ್ನೊಂದು ದಾರಿ ತೋರಿಸಿದರು. ಕಣ್ಣಿನ ಹೊರಗೋಡೆಯಿಂದಲೇ ನೀರಿನ ನಾಳವನ್ನು ಹುಡುಕಿ, ಅದರೊಳಗಿಂದ ಜರಡಿಯನ್ನು ಸೀಳುವ ಟ್ರೆಬೆಕ್ಯುಲಾಟಮಿಯೇ ಆ ದಾರಿ. ಕಾರ್ನಿಯಾ ಮಬ್ಬಾದ ಮೇಲೆ ಆಸ್ಪತ್ರೆಗೆ ಬರುವ ಮಕ್ಕಳೇ ಹೆಚ್ಚಾಗಿರುವ ಭಾರತದಲ್ಲಿ ಇದು ಬಹಳ ಉಪಯುಕ್ತವಾಯಿತು. ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯಲ್ಲಿ ಡಾ. ಅನಿಲ್ ಕುಮಾರ್ ಮಂಡಲ್ ಅವರು ಇದರ ಜೊತೆಗೆ ನೀರಿಗೆ ಮತ್ತೊಂದು ಹೊರದಾರಿಯನ್ನೂ ಒಮ್ಮೆಗೇ ಮಾಡುವ ಜೋಡಿ ಶಸ್ತ್ರಚಿಕಿತ್ಸೆಯನ್ನು ಬೆಳೆಸಿದರು. ದೊಡ್ಡವರಿಗೆ ಮೊದಲು ಔಷಧದ ಹನಿ ಕೊಡುವುದು ವಾಡಿಕೆ. ಶಿಶುಗಳ ಈ ರೋಗದಲ್ಲಿ ಶಸ್ತ್ರಚಿಕಿತ್ಸೆಯೇ ಮುಖ್ಯ, ಹನಿಗಳು ಅದಕ್ಕೆ ಒತ್ತಾಸೆ ಮಾತ್ರ. ದೊಡ್ಡವರಿಗೆ ಕೊಡುವ ಬ್ರಿಮೊನಿಡಿನ್‌ನಂಥ ಹನಿ ಶಿಶುಗಳ ಉಸಿರಾಟಕ್ಕೇ ಅಪಾಯ ತರಬಲ್ಲದು.

ಈ ರೋಗದ ಬೇರು ಎಷ್ಟೋ ಮಕ್ಕಳಲ್ಲಿ ವಂಶವಾಹಿಯಲ್ಲಿದೆ. 1997ರಲ್ಲಿ ಸಂಶೋಧಕರು ಸಿವೈಪಿ1ಬಿ1 ಎಂಬ ಜೀನಿನ ದೋಷವನ್ನು ಗುರುತಿಸಿದರು. ತಂದೆ, ತಾಯಿ ಇಬ್ಬರಿಂದಲೂ ದೋಷಯುಕ್ತ ಜೀನು ಬಂದರೆ ಮಾತ್ರ ಕೂಸಿಗೆ ರೋಗ ಬರುತ್ತದೆ. ರಕ್ತಸಂಬಂಧದಲ್ಲಿ ಮದುವೆಯಾದರೆ ಈ ಸಾಧ್ಯತೆ ಹೆಚ್ಚು. ಪಾಶ್ಚಾತ್ಯ ದೇಶಗಳಲ್ಲಿ ಸುಮಾರು 10,000 ಶಿಶುಗಳಲ್ಲಿ ಒಂದಕ್ಕೆ ಬರುವ ಈ ಕಾಯಿಲೆ, ಆಂಧ್ರಪ್ರದೇಶದಲ್ಲಿ 1990ರ ದಶಕದಲ್ಲಿ ಮಾಡಿದ ಅಂದಾಜಿನಂತೆ 3,300ಕ್ಕೆ ಒಂದರಷ್ಟಿತ್ತು. ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವ ಪದ್ಧತಿ ಕರ್ನಾಟಕದಲ್ಲೂ ಇರುವುದರಿಂದ ಈ ಮಾತು ಇಲ್ಲಿನವರಿಗೂ ಸಲ್ಲುತ್ತದೆ. ಒಂದು ಮಗುವಿಗೆ ರೋಗವಿದ್ದರೆ ಅದರ ತಮ್ಮ ತಂಗಿಯರ ಕಣ್ಣನ್ನು ಹುಟ್ಟಿದೊಡನೆ ಪರೀಕ್ಷಿಸುವುದು ಅಗತ್ಯ.

ಶಸ್ತ್ರಚಿಕಿತ್ಸೆಗೆ ಎಲ್ಲವೂ ಮುಗಿಯುವುದಿಲ್ಲ. ಕೆಲವರಿಗೆ ಅದನ್ನು ಮತ್ತೆ ಮಾಡಬೇಕಾಗುತ್ತದೆ. ಕನ್ನಡಕ ಬೇಕಾಗುತ್ತದೆ. ಮಂದವಾದ ಕಣ್ಣಿಗೆ ನೋಡುವ ರೂಢಿ ಮಾಡಿಸಲು ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಬೇಕಾಗಬಹುದು. ಜೀವಮಾನವಿಡೀ ಪರೀಕ್ಷೆ ತಪ್ಪುವಂತಿಲ್ಲ. ಆದರೂ ಮೊದಲ ವರ್ಷದಲ್ಲೇ ರೋಗ ಗುರುತಿಸಿದರೆ ಎಷ್ಟೋ ಮಕ್ಕಳು ಎಲ್ಲರಂತೆ ಶಾಲೆಗೆ ಹೋಗಬಲ್ಲರು.

ಗುರುತಿಸುವ ಕೆಲಸ ಶುರುವಾಗುವುದು ಮನೆಯಲ್ಲೇ. ಕೂಸಿನ ಕಣ್ಣಲ್ಲಿ ಸದಾ ನೀರು, ಬೆಳಕು ಕಂಡರೆ ಕಣ್ಣು ಬಿಗಿಮುಚ್ಚಿ ತಾಯಿಯ ಹೆಗಲಿಗೆ ಮುಖ ಒತ್ತುವುದು, ಕಪ್ಪುಗುಡ್ಡೆ ದಿನೇ ದಿನೇ ದೊಡ್ಡದಾಗಿ ನೀಲಿ ಮಬ್ಬು ಕವಿಯುವುದು ಇದರ ಲಕ್ಷಣಗಳು. ಬರೀ ಕಣ್ಣೀರಿನ ನಾಳ ಕಟ್ಟಿದ್ದರೂ ನೀರು ಸುರಿಯುತ್ತದೆ, ಆದರೆ ಆಗ ಕಣ್ಣು ಹಿಗ್ಗುವುದಿಲ್ಲ, ಕಾರ್ನಿಯಾ ಮಬ್ಬಾಗುವುದಿಲ್ಲ. ದೊಡ್ಡ ಕಣ್ಣಿನ ಮಕ್ಕಳೆಲ್ಲ ರೋಗಿಗಳಲ್ಲ. ಆದರೆ ಬೆಳಕಿಗೆ ಹೆದರುವ ದೊಡ್ಡ ಕಣ್ಣನ್ನು ಕಂಡಾಗ ದೃಷ್ಟಿ ತಾಕೀತೆಂದು ಕಾಡಿಗೆಯ ಬೊಟ್ಟಿಟ್ಟರೆ ಸಾಲದು, ಅದೇ ವಾರ ಕಣ್ಣಿನ ವೈದ್ಯರಿಗೆ ತೋರಿಸಬೇಕು.