ಸೀಟು ಮೆತ್ತಗಿದ್ದರೆ ಲಾಂಗ್ ರೈಡ್ ಸುಖವೇ?

"ಸೀಟು ಮೆತ್ತಗಿದ್ದಷ್ಟೂ ಲಾಂಗ್ ರೈಡ್‌ಗೆ ಬೈಕ್ ಒಳ್ಳೆಯದು" ಎನ್ನುವ ಮಾತನ್ನು ನಾವೆಲ್ಲ ಕೇಳಿದ್ದೇವೆ. ಇದು ಪೂರ್ತಿ ನಿಜವಲ್ಲ. ತೀರಾ ಮೆತ್ತನೆಯ ಫೋಮ್ ಶೋರೂಂನಲ್ಲಿ ಹಿತವೆನಿಸುತ್ತದೆ. ಗಂಟೆಗಟ್ಟಲೆ ಕೂತಾಗ ಅದು ಕುಸಿದು, ಭಾರವೆಲ್ಲ ಕೂರುವ ಮೂಳೆಗಳ ಮೇಲೆ ಬೀಳುತ್ತದೆ. ತುಸು ಗಟ್ಟಿಯಾದ, ಅಗಲವಾದ ಸೀಟು ಭಾರವನ್ನು ಹಂಚುತ್ತದೆ.

ಕೂರುವ ಭಂಗಿಯೂ ಅಷ್ಟೇ ಮುಖ್ಯ. ಮುಂದಕ್ಕೆ ಬಾಗಿ ಓಡಿಸುವ ಸ್ಪೋರ್ಟ್ಸ್ ಬೈಕ್‌ನಲ್ಲಿ ಮಣಿಕಟ್ಟಿಗೆ ಭಾರ. ಕಾಲು ಮುಂದೆ ಚಾಚಿ ಕೂರುವ ಕ್ರೂಸರ್‌ನಲ್ಲಿ ಹೊಂಡದ ಪೆಟ್ಟು ನೇರ ಸೊಂಟಕ್ಕೆ. ಬೆನ್ನು ನೆಟ್ಟಗಿರುವ, ಬೇಕಾದಾಗ ಎದ್ದು ನಿಲ್ಲಬಹುದಾದ ಹಿಮಾಲಯನ್ 450ರಂಥ ಬೈಕ್ ದೂರಕ್ಕೆ ಹಿತ. ಆದರೆ ಅದರ ಸೀಟಿನ ಎತ್ತರ 825 ಮಿ.ಮೀ.; ಕಾಲು ನೆಲಕ್ಕೆ ಎಟುಕುತ್ತದೆಯೇ ನೋಡಿ.

ಕೈ ಜೋಮು ಹಿಡಿದರೆ ಬ್ರೇಕ್ ಒತ್ತುವುದು ತಡವಾಗಬಹುದು. ಹಾಗಾಗಿ ಕೊಳ್ಳುವ ಮೊದಲು ಸಾಧ್ಯವಾದರೆ ಒಂದು ಗಂಟೆ ಓಡಿಸಿ ನೋಡಿ.