ತಗಡಿನ ಮೇಲೆ ಬರೆದ ಹರಕೆ

ಯಾರು, ಏನು, ಎಲ್ಲಿ, ಯಾವಾಗ? ಸುದ್ದಿ ಬರೆಯಲು ಕಲಿಯುವಾಗ ನಮಗೆ ಮೊದಲು ಹೇಳಿಕೊಟ್ಟ ಪ್ರಶ್ನೆಗಳಿವು. ಮೆಕ್ಸಿಕೊ ದೇಶದ ಹಳ್ಳಿಗರು ಈ ಪ್ರಶ್ನೆಗಳಿಗೆ ತಗಡಿನ ಮೇಲೆ ಉತ್ತರ ಬರೆಸಿ ಚರ್ಚಿಗೆ ಒಪ್ಪಿಸುತ್ತಿದ್ದರು.

ಈ ಹರಕೆ ಚಿತ್ರಗಳ ಹೆಸರು ಎಕ್ಸ್-ವೋಟೊ. ಲ್ಯಾಟಿನ್ ಭಾಷೆಯಲ್ಲಿ ಹಾಗೆಂದರೆ 'ಹರಕೆಯಂತೆ' ಎಂದರ್ಥ. 19ನೇ ಶತಮಾನದಲ್ಲಿ ತವರ ಲೇಪಿಸಿದ ತಗಡು ಅಗ್ಗವಾಗಿ ಸಿಗತೊಡಗಿದ ಮೇಲೆ ಬಡವರಿಗೂ ಚಿತ್ರ ಬರೆಸಲು ಸಾಧ್ಯವಾಯಿತು. ಬರೆದವರು ಹೆಚ್ಚಾಗಿ ಯಾವ ಶಾಲೆಯಲ್ಲೂ ಚಿತ್ರಕಲೆ ಕಲಿತವರಲ್ಲ. ಬಹುಪಾಲು ಚಿತ್ರಗಳಲ್ಲಿ ಅವರ ಹೆಸರೂ ಇಲ್ಲ.

ಚಿತ್ರದಲ್ಲಿ ಮೂರು ಭಾಗ. ಮೇಲೆ ಮೋಡಗಳ ನಡುವೆ ಮಾತೆ ಮರಿಯಳೋ ಒಬ್ಬ ಸಂತನೋ. ನಡುವೆ ಒದಗಿದ ಕಷ್ಟ: ಕುದುರೆಯಿಂದ ಬಿದ್ದವನು, ಹಾಸಿಗೆ ಹಿಡಿದವಳು, ಕಾಯಿಲೆ ಬಿದ್ದ ಎತ್ತು. ಕೆಳಗೆ ಹೆಸರು, ಊರು, ತಾರೀಕು, ನಡೆದ ಸಂಗತಿ, ಕೃತಜ್ಞತೆ. ಆಡುಮಾತಿನಲ್ಲೇ ಬರೆದದ್ದರಿಂದ ಕಾಗುಣಿತದ ತಪ್ಪುಗಳೂ ಇರುತ್ತವೆ.

ಮನೆಯಲ್ಲಿಟ್ಟು ಪೂಜಿಸಲು ಸಂತರ ಚಿತ್ರಗಳನ್ನೂ ತಗಡಿನ ಮೇಲೆ ಬರೆಯುತ್ತಿದ್ದರು. ಓದು ಬಾರದವರೂ ಗುರುತು ನೋಡಿ ಸಂತನನ್ನು ತಿಳಿಯುತ್ತಿದ್ದರು. ಪಕ್ಕದಲ್ಲಿ ನೇಗಿಲು, ಎತ್ತು, ಉಳುವ ದೇವದೂತ ಇದ್ದರೆ ಅದು ಸಂತ ಇಸಿದ್ರೊ. ಈತ ಸ್ಪೇನಿನ ಮ್ಯಾಡ್ರಿಡ್ ಬಳಿ ಕೂಲಿಗೆ ಹೊಲ ಉಳುತ್ತಿದ್ದವನು. ಪ್ರಾರ್ಥನೆಗೆ ಕೂತಾಗ ದೇವದೂತನೇ ಬಂದು ಉತ್ತನೆಂದು ಕಥೆ. 1622ರಲ್ಲಿ ಪೋಪ್ ಅವನನ್ನು ಸಂತನೆಂದು ಘೋಷಿಸಿದರು. ಅವನ ಹಬ್ಬ ಮೇ 15ರಂದು. ರೈತರು ಮಳೆಗಾಗಿ ಅವನನ್ನೇ ಬೇಡುತ್ತಾರೆ. ಊರುಗೋಲು, ಬುಟ್ಟಿ, ನೀರಿನ ಸೋರೆಬುರುಡೆ ಹಿಡಿದ ಮಗುವಾದರೆ ಅದು ಅತೋಚಾದ ಬಾಲಯೇಸು. ಸೆರೆಯಲ್ಲಿದ್ದವರಿಗೆ ಅನ್ನ ನೀರು ತಂದುಕೊಟ್ಟವನೆಂದು ನಂಬಿಕೆ. ಗಣಿಗಳ ನಾಡು ಸಕಾತೆಕಾಸ್‌ನಲ್ಲಿ, ಪ್ಲಾತೆರೋಸ್ ಎಂಬ ಊರಿನಲ್ಲಿ, ಅವನ ಹೆಸರಾಂತ ಕ್ಷೇತ್ರವಿದೆ.

ಅಚ್ಚಿನ ಬಣ್ಣದ ಪಟಗಳು ಬಂದ ಮೇಲೆ ಕೈಯಿಂದ ಬರೆದ ಸಂತರ ಚಿತ್ರಗಳಿಗೆ ಬೇಡಿಕೆ ಕುಗ್ಗಿತು. ಹರಕೆ ಚಿತ್ರಗಳು ಮಾತ್ರ ಉಳಿದುಕೊಂಡವು. ನನ್ನ ಎತ್ತು, ನನ್ನ ಮಗು, ನನ್ನ ಊರು ಅಚ್ಚಿನಲ್ಲಿ ಸಿಗುವುದಿಲ್ಲವಲ್ಲ!

ಕಲಾವಿದರಾದ ಫ್ರೀಡಾ ಕಾಲೊ, ಡಿಯೇಗೊ ರಿವೇರಾ ಇವನ್ನು ಸಂಗ್ರಹಿಸಿದರು. ಬೆಲೆ ಗೊತ್ತಾದ ಮೇಲೆ ಕಳ್ಳರೂ ಚರ್ಚುಗಳಿಗೆ ನುಗ್ಗಿದರು. ಶ್ರೀಮಂತರ ಗೋಡೆಯ ಮೇಲೆ ಅದು ಚಂದದ ಚಿತ್ರವೇ ಇರಬಹುದು. ಆದರೆ ಅದನ್ನು ಬರೆಸಿದವಳು ದೇವರ ಮುಂದೆ ಇಟ್ಟಿದ್ದು ತನ್ನ ಮಾತನ್ನು. ಅರಸರ ಚರಿತ್ರೆಯಲ್ಲಿ ಅವಳ ಎತ್ತಿಗೆ ಜಾಗವಿಲ್ಲ, ಆ ತಗಡಿನಲ್ಲಿ ಇತ್ತು.