999 ಎಂದು ಅಚ್ಚಿದ್ದರೆ ಬೆಳ್ಳಿ ನಾಣ್ಯ ಶುದ್ಧವೇ?

ವಿಜಯಪುರದ ಜೋರಾಪುರ ಪೇಟೆ ಇರಲಿ, ಬೇರೆ ಊರಿರಲಿ, ಲಕ್ಷ್ಮೀಪೂಜೆಗೆ ಕೊಂಡ 50 ಅಥವಾ 100 ಗ್ರಾಂ ಬೆಳ್ಳಿ ನಾಣ್ಯ ಅನೇಕ ಮನೆಗಳಲ್ಲಿ ಕಷ್ಟಕಾಲದ ಉಳಿತಾಯವೂ ಹೌದು. ಖಾಸಗಿಯವರು ಅಚ್ಚುಹಾಕಿದ ಇದಕ್ಕೆ ಮುಖಬೆಲೆ ಇಲ್ಲ. ತೂಕ ಮತ್ತು ಶುದ್ಧತೆಯೇ ಇದರ ಬೆಲೆ.

999 ಅಚ್ಚು ಸಾಕೇ?
ಸಾಲದು. ಆ ಅಂಕಿಯನ್ನು ಯಾರು ಬೇಕಾದರೂ ಒತ್ತಬಹುದು. ಬಿಐಎಸ್ ಹಾಲ್‌ಮಾರ್ಕ್ ನೋಡಿ. 2025ರ ಸೆಪ್ಟೆಂಬರ್‌ನಿಂದ ಬೆಳ್ಳಿಯ ಹಾಲ್‌ಮಾರ್ಕ್‌ ಜೊತೆ ಎಚ್‌ಯುಐಡಿ ಸಂಖ್ಯೆಯೂ ಇರುತ್ತದೆ. ಆದರೆ ಬೆಳ್ಳಿಗೆ ಹಾಲ್‌ಮಾರ್ಕ್ ಕಡ್ಡಾಯವಲ್ಲ.

ಆಯಸ್ಕಾಂತಕ್ಕೆ ಅಂಟದಿದ್ದರೆ?
ಅಂಟಿದರೆ ನಕಲಿ ಎನ್ನಬಹುದು. ಅಂಟದಿದ್ದರೆ ಅಸಲಿ ಎನ್ನಲಾಗದು. ತಾಮ್ರ, ಹಿತ್ತಾಳೆ, ಸೀಸವೂ ಅಂಟುವುದಿಲ್ಲ.

ತೂಗಿ ನೋಡುವುದು ಹೇಗೆ?
0.1 ಗ್ರಾಂ ತೋರಿಸುವ ತಕ್ಕಡಿ ಬೇಕು. ಮೊದಲು ನಾಣ್ಯವನ್ನು ತೂಗಿ. ನಂತರ ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ, ತಳ ಮುಟ್ಟದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಮೊದಲ ತೂಕವನ್ನು ಈಗ ಬಂದ ಅಂಕಿಯಿಂದ ಭಾಗಿಸಿ. ಶುದ್ಧ ಬೆಳ್ಳಿಗೆ ಸುಮಾರು 10.5 ಬರುತ್ತದೆ. 100 ಗ್ರಾಂ ಬೆಳ್ಳಿ ಮುಳುಗಿದಾಗ ತಕ್ಕಡಿ 9.5 ತೋರಿಸಿದರೆ, ಅಷ್ಟೇ ತೂಕದ ತಾಮ್ರ 11.2ರ ಹತ್ತಿರ ತೋರಿಸುತ್ತದೆ.

ಮಿತಿ ಏನು?
ಬೆಳ್ಳಿ ಲೇಪದ ತಾಮ್ರ, ಹಿತ್ತಾಳೆ ಇದರಲ್ಲಿ ಸಿಕ್ಕಿಬೀಳುತ್ತವೆ. 925 ಮತ್ತು 999 ಬೆಳ್ಳಿಯ ನಡುವಿನ ವ್ಯತ್ಯಾಸ ಮನೆಯ ತಕ್ಕಡಿಗೆ ಸಿಗುವುದು ಕಷ್ಟ. ಸೀಸ ಬೆರೆಸಿದ ನಕಲಿಯೂ ತಪ್ಪಿಸಿಕೊಳ್ಳಬಹುದು. ಅದಕ್ಕೆ ಹಾಲ್‌ಮಾರ್ಕಿಂಗ್ ಕೇಂದ್ರದ ಪರೀಕ್ಷೆಯೇ ಬೇಕು.

ಮಾರುವಾಗ ಲೆಕ್ಕವನ್ನು ಗ್ರಾಂನಲ್ಲೇ ಕೇಳಿ. ಹಳೆಯ ತೊಲ 11.66 ಗ್ರಾಂ, ಈಗ ಅಂಗಡಿಗಳಲ್ಲಿ ತೊಲ ಎಂದರೆ ಸಾಮಾನ್ಯವಾಗಿ 10 ಗ್ರಾಂ.